ಕೊನೆಯ ಮೂರು ಮೆಟ್ಟಿಲು

ಈ ಕಥೆಯನ್ನು ಮೊದಲು ಸರಿಯಾಗಿ ಹೇಳಿದವಳು ಚಂಪವ್ವ. ಹೇಳಿದ್ದು ಆ ಊರಿಗೆ ಜೇಡ ಬಂದ ಇಪ್ಪತ್ತಮೂರನೆಯ ವರ್ಷದ ಹದದ ದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ, ಹದದ ಕಟ್ಟೆಯಲ್ಲಿ ಕುಳಿತು. ‘ಸರಿಯಾಗಿ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದಕ್ಕೂ ನಾಲ್ಕು ವರ್ಷ ಮೊದಲು ಇದೇ ಕಥೆಯನ್ನು ಬಂಡೆಪ್ಪನೆಂಬ ನೇಕಾರನಿಂದ ಒಮ್ಮೆ, ಅವನ ಷಡ್ಡಕನಿಂದ ಇನ್ನೊಮ್ಮೆ ಕೇಳಿ, ಎರಡು ಪಾಠಗಳನ್ನೂ ಸಾಲಿಗೆ ಸಾಲು ಹೋಲಿಸಿ, ‘ಹತ್ತೊಂಬತ್ತಾದ ಜಂಬಗಾತಿ’ ಎಂಬ ಹೆಸರಿನಲ್ಲಿ ನನ್ನ ಸಂಗ್ರಹದಲ್ಲಿ ಅಚ್ಚು ಹಾಕಿಸಿದ್ದೆ. ಎರಡರ ನಡುವೆ ಒಂದು ಪದದ ಭೇದವೂ ಇರಲಿಲ್ಲ. ಮೂವತ್ತು ವರ್ಷ ಕಥೆ ಕೂಡಿಟ್ಟವನಿಗೆ ಅಷ್ಟೊಂದು ಹೊಂದಿಕೆಯೇ ಅನುಮಾನ ಹುಟ್ಟಿಸಬೇಕಿತ್ತು. ಹುಟ್ಟಿಸಲಿಲ್ಲ, ಅಡಿಟಿಪ್ಪಣಿಯಲ್ಲಿ ಅದನ್ನು ಹೊಗಳಿ ಬರೆದಿದ್ದೆ.

ಆ ಊರಿನ ಗಾಳಿ ಮನುಷ್ಯರ ದನಿಯನ್ನು ಒಯ್ಯುವುದಿಲ್ಲ. ನಾಯಿ ಬೊಗಳಿದ್ದು ಕೇಳುತ್ತದೆ. ಮಳೆ, ಗಂಟೆ, ಮಗ್ಗದ ಲಾಳಿ ಎಲ್ಲವೂ ಕೇಳುತ್ತವೆ. ಮಾತು, ಅಳು, ನಗು ಮಾತ್ರ ತುಟಿಯನ್ನು ದಾಟುವುದಿಲ್ಲ. ಆದ್ದರಿಂದ ಅಲ್ಲಿ ಎಲ್ಲರೂ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪೆಟ್ಟಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಮಾತು ಅದರೊಳಕ್ಕೆ ಹೋಗಿ ಅಲ್ಲಿಂದ ಹೊರಗೆ ಬರುತ್ತದೆ. ಗಂಡ ಪೆಟ್ಟಿಗೆ ಬಿಚ್ಚಿಟ್ಟು ಸ್ನಾನಕ್ಕೆ ಹೋದ ಹೊತ್ತು ನೋಡಿ ಹೆಂಡತಿಯರು ಬಚ್ಚಲ ಬಾಗಿಲಲ್ಲಿ ನಿಂತು ಬೈದು ಮುಗಿಸುತ್ತಾರೆ. ಉತ್ತರ ಬರಲಾರದೆಂದು ಅವರಿಗೆ ಗೊತ್ತು. ಹಸುಗೂಸುಗಳಿಗೆ ಐದು ತಿಂಗಳು ತುಂಬುವವರೆಗೆ ಪೆಟ್ಟಿಗೆ ಕಟ್ಟುವಂತಿಲ್ಲವಾದ್ದರಿಂದ ತಾಯಂದಿರು ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತಾರೆ. ಹೊರಗಿನಿಂದ ಬಂದವರಿಗೆ ಹದದ ಕಟ್ಟೆಯಲ್ಲಿ ಎರವಲು ಪೆಟ್ಟಿಗೆ ಸಿಗುತ್ತದೆ. ನಾನು ಹೋದಾಗಲೆಲ್ಲ ಅದನ್ನೇ ಕಟ್ಟಿಕೊಂಡಿದ್ದೇನೆ.

ಹಿಂದೆ ಪೆಟ್ಟಿಗೆಯ ಬದಿಯಲ್ಲಿ ದನಿ ಏರಿಸಿ ಇಳಿಸಲು ಒಂದು ತಿರುಪು ಇರುತ್ತಿತ್ತಂತೆ. ಹೇರ್‌ಪಿನ್ನಿನ ತುದಿ ಸಾಕಾಗುತ್ತಿತ್ತು. ಓರಗಿತ್ತಿಯರ ಜಗಳದಲ್ಲಿ ಒಬ್ಬಳು ಏರಿಸಿದರೆ ಇನ್ನೊಬ್ಬಳು ಅದಕ್ಕಿಂತ ಏರಿಸಿ, ಮೂರು ಓಣಿಯ ಮಂದಿ ಕಿವಿಗೆ ಅರಳೆ ತುರುಕಿಕೊಂಡು ಅಡ್ಡಾಡುವಂತಾದಾಗ, ಊರ ಹಿರಿಯರು ತಿರುಪನ್ನು ತೆಗೆಸಿ ಅದರ ಜಾಗದಲ್ಲಿ ಒಂದು ಪುಟ್ಟ ಚಿಪ್ ಕೂರಿಸಿದರು. ಅದು ಬಂದ ಡಬ್ಬಿಯ ಮೇಲೆ ಡಿಜಿಟಲ್ ಪೊಟೆನ್ಶಿಯೋಮೀಟರ್ ಎಂದು ಬರೆದಿತ್ತು. ಊರಿನವರು ಅದರ ಎಂಟು ಕಾಲು ನೋಡಿ ಜೇಡ ಎಂದರು. ಜೇಡದೊಳಗೆ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಮೆಟ್ಟಿಲುಗಳಿವೆ. ಹೊಸದು ನಡುಮೆಟ್ಟಿಲಾದ ನೂರ ಇಪ್ಪತ್ತೆಂಟರಲ್ಲಿ ನಿಂತಿರುತ್ತದೆ. ಎರವಲು ಪೆಟ್ಟಿಗೆಯದನ್ನು ಅಲ್ಲಿಯೇ ಬಿಟ್ಟಿರುತ್ತಾರೆ. ದನಿಯನ್ನು ಹದಕ್ಕೆ ತರುವ ಹೆಂಗಸಿಗೆ ಹದಗಾತಿ ಎನ್ನುತ್ತಾರೆ. ಅವಳ ಕೈಯಲ್ಲಿ ಮೂರು ಗುಂಡಿಯ, ಮೆಟ್ಟಿಲಿನ ಅಂಕಿ ಕಾಣುವ ಪುಟ್ಟ ಕಿಂಡಿಯ ಒಂದು ಸಲಕರಣೆ. ಅದರ ಉದ್ದನೆಯ ತಂತಿಯನ್ನು ಕೊರಳಿನ ಪೆಟ್ಟಿಗೆಗೆ ಚುಚ್ಚಿ ‘ಏರು’ ಒತ್ತಿದರೆ ಜೇಡ ಒಂದು ಮೆಟ್ಟಿಲು ಮೇಲೆ, ‘ಇಳಿ’ ಒತ್ತಿದರೆ ಒಂದು ಮೆಟ್ಟಿಲು ಕೆಳಗೆ. ದನಿಯೂ ಅದರ ಜೊತೆಗೇ. ಹದ ಸಿಕ್ಕಿದ ಮೇಲೆ ‘ಕೂರು’ ಒತ್ತುತ್ತಾಳೆ. ಒಳಗೆ ಒಂದು ಎಳೆ ಸುಟ್ಟು ಜೇಡ ಆ ಮೆಟ್ಟಿಲಿನಲ್ಲಿಯೇ ಕೂತುಬಿಡುತ್ತದೆ. ಕೂತ ಜೇಡ ಮತ್ತೆ ಏಳುವುದಿಲ್ಲ, ಮತ್ತು ಒಮ್ಮೆ ಒಂದು ಜೇಡಕ್ಕೆ ಒಗ್ಗಿದ ಕೊರಳು ಬೇರೆ ಯಾವ ಪೆಟ್ಟಿಗೆಯಲ್ಲಿಯೂ ಮಾತಾಡುವುದಿಲ್ಲ.

ಹೊಸ ಜೇಡಗಳನ್ನು ಕೂರಿಸಲು ವರ್ಷಕ್ಕೊಮ್ಮೆ ಬರುವ ಹದದ ದಿನ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಸುಣ್ಣದ ಗೆರೆ ಎಳೆದಿರುತ್ತದೆ. ಸರದಿ ಬಂದವರು ಅದರ ಮೇಲೆ ನಿಂತು, ದಿನನಿತ್ಯದ ದನಿಯಲ್ಲಿ, ತಮ್ಮ ಹೆಸರನ್ನೂ ತಾಯಿಯ ಹೆಸರನ್ನೂ ಹದಗಾತಿ ಕೈ ಎತ್ತುವವರೆಗೆ ಹೇಳುತ್ತಲೇ ಇರಬೇಕು. ಕಟ್ಟೆಯ ಮೇಲಿನ ಮೀಟರಿನಲ್ಲಿ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ ಹದ. ಪ್ರತಿಯೊಬ್ಬರ ಸರದಿಗೂ ಮೊದಲು ಕಂಚಿನ ಗಂಟೆಯನ್ನು ಒಮ್ಮೆ ಹೊಡೆಯಬೇಕು. ಗಂಟೆಯ ದನಿ ಎಂದೂ ಬದಲಾಗದ್ದರಿಂದ ಮುಳ್ಳು ಸರಿಯಾಗಿದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಂಟೆಯಾಯಿತೆಂದರೆ ನೆರೆದವರೆಲ್ಲ ಬಾಯಿ ಮುಚ್ಚಬೇಕು, ಏಕೆಂದರೆ ಯಾವ ದನಿ ಯಾರದೆಂದು ಮೀಟರಿಗೆ ತಿಳಿಯದು. ಹದದ ಹೊತ್ತಿನಲ್ಲಿ ನಗುವುದು ಆ ಊರಿನಲ್ಲಿ ಹೆಣದ ಮುಂದೆ ನಕ್ಕಷ್ಟೇ ದೊಡ್ಡ ತಪ್ಪು.

ನಾನು ಅಚ್ಚು ಹಾಕಿಸಿದ ಕಥೆ ಚಿಕ್ಕದು. ಜೇಡ ಬಂದ ಮೊದಲ ವರ್ಷ ಊರಿಗೆ ಊರೇ ಹದಕ್ಕೆ ನಿಂತಿದ್ದಾಗ, ಶಾಲೆಯ ಅಕ್ಕೋರು ಒಬ್ಬಳು ತನ್ನ ದನಿಯೇ ಎಲ್ಲರಿಗಿಂತ ದೊಡ್ಡದೆಂದು ತೋರಿಸಲು ಗೆರೆಯ ಮೇಲೆ ನಿಂತು ಕಿರುಚಿದಳು. ಮುಳ್ಳು ಕೆಂಪು ಗೆರೆಯನ್ನು ದಾಟಿ ಹಾರಿತು. ಹದಗಾತಿ ನ್ಯಾಯವಾಗಿ ಇಳಿಸುತ್ತ ಇಳಿಸುತ್ತ ಹತ್ತೊಂಬತ್ತಕ್ಕೆ ಕೂರಿಸಿದಳು. ಮರುದಿನ ಅಕ್ಕೋರ ದನಿ ಶಾಲೆಯ ಮೊದಲ ಸಾಲಿಗೂ ಮುಟ್ಟಲಿಲ್ಲ. ಅಂದಿನಿಂದ ಜಂಬ ಮಾಡಿ ಕೆಟ್ಟವರನ್ನು ಆ ಊರಿನಲ್ಲಿ ‘ಹತ್ತೊಂಬತ್ತು’ ಎಂದು ಕರೆಯುತ್ತಾರೆ. ಅಕ್ಕೋರ ಮನೆ ಯಾವುದೆಂದು ಬಂಡೆಪ್ಪ ನನಗೆ ಕಥೆ ಹೇಳಿದ ದಿನವೇ ಬೆರಳು ಮಾಡಿ ತೋರಿಸಿದ್ದ. ಅವಳ ಮಾತು ಕೇಳಬೇಕಾದರೆ ಮೊಣಕಾಲಿಗೆ ಮೊಣಕಾಲು ತಾಗಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೂರಬೇಕು ಎಂದೂ ಹೇಳಿದ್ದ. ಪರಿಚಯವಿಲ್ಲದ ಹೆಂಗಸಿನ ಬಳಿ ಹಾಗೆ ಕೂರಲು ಸಂಕೋಚವೆನಿಸಿ ನಾನು ಹೋಗಲಿಲ್ಲ. ‘ಈ ಅಕ್ಕೋರ ಬಗೆಗೆ ಹೆಚ್ಚಿನ ವಿವರ ದೊರೆಯಲಿಲ್ಲ’ ಎಂದು ಪುಸ್ತಕದಲ್ಲಿ ಬರೆದೆ. ಆ ವಾಕ್ಯ ಈಗಲೂ ನೂರ ಹನ್ನೆರಡನೆಯ ಪುಟದಲ್ಲಿದೆ.

ನಾಲ್ಕು ವರ್ಷದ ಮೇಲೆ ಪುಸ್ತಕ ಹೊರಬಂದ ಸಂತೋಷಕ್ಕೆ ಊರಿನವರು ಹದದ ದಿನ ನನ್ನನ್ನು ಕರೆಸಿ, ಕಟ್ಟೆಯ ಮೇಲೆ ಕೂರಿಸಿ, ಆ ಕಥೆಯನ್ನು ಓದಿಸಿದರು. ಎದುರಿಗೆ ಚಾಪೆಯ ಮೇಲೆ ಇನ್ನೂರು ಜನರಿದ್ದರು. ಹತ್ತೊಂಬತ್ತು ಎಂಬ ಮಾತು ಬಂದ ಕೂಡಲೆ ಎಲ್ಲರೂ ಒಟ್ಟಿಗೆ ನಕ್ಕರು. ಮೊದಲ ಸಾಲಿನಲ್ಲಿ ಒಬ್ಬ ತೆಳ್ಳನೆಯ ಹೆಂಗಸು ಮಡಿಲಲ್ಲಿ ಪಾಟಿ ಇಟ್ಟುಕೊಂಡು ಕುಳಿತಿದ್ದಳು. ಅವಳು ನಗಲಿಲ್ಲ. ಕಿವಿ ಮಂದವಿರಬೇಕೆಂದು ತಿಳಿದು ನಾನು ಆ ಸಾಲನ್ನು ಅವಳಿಗಾಗಿ ಇನ್ನೊಮ್ಮೆ, ಗಟ್ಟಿಯಾಗಿ ಓದಿದೆ. ಜನ ಇನ್ನೊಮ್ಮೆ ನಕ್ಕರು. ಆಗ ನನ್ನ ಹಿಂದೆ ಗಂಟೆಯ ಪಕ್ಕದಲ್ಲಿ ಕುಳಿತಿದ್ದ ಚಂಪವ್ವ ಮಾತಾಡಿದಳು. ಇಪ್ಪತ್ತೆರಡು ವರ್ಷ ಹದಗಾತಿಯಾಗಿದ್ದು, ಕೈ ನಡುಗುತ್ತದೆಂದು ಆ ವರ್ಷವೇ ಕೆಲಸ ಬಿಟ್ಟವಳು ಅವಳು.

“ಕಥಿ ಮಾಸ್ತರ, ಪುಸ್ತಕ ಮುಚ್ರಿ,” ಎಂದಳು. “ಈ ನಗಿ ನಾ ಹಿಂದೊಮ್ಮೆ ಕೇಳೀನಿ.”

ನಾನು ಮುಚ್ಚಿದೆ. ಅವಳು ಹೇಳಿದ್ದನ್ನು ಅವಳು ಹೇಳಿದ ಕ್ರಮದಲ್ಲಿಯೇ ಇಲ್ಲಿ ಇಡುತ್ತಿದ್ದೇನೆ.

ಅಕ್ಕೋರ ಹೆಸರು ಕಾಶವ್ವ. ಅವಳೂ ಚಂಪವ್ವನೂ ಒಂದೇ ಮಣೆಯ ಮೇಲೆ ಕೂತು ಕಲಿತವರು. ಚಂಪವ್ವನಿಗೆ ಹತ್ತೊಂಬತ್ತರ ಮಗ್ಗಿ ಬರುತ್ತಿರಲಿಲ್ಲ. ಆರರವರೆಗೆ ಹೇಗೋ ಬಂದು, ಏಳಕ್ಕೆ ಬಂದೊಡನೆ ನಾಲಗೆ ನಿಂತುಬಿಡುತ್ತಿತ್ತು. ಮಾಸ್ತರರಿಗೆ ತಿಳಿಯದಂತೆ ಬೆನ್ನ ಹಿಂದಿನಿಂದ ಹೇಳಿಕೊಡುತ್ತಿದ್ದವಳೂ ಕಾಶವ್ವನೇ, ಶಾಲೆ ಬಿಟ್ಟ ಮೇಲೆ ಹುಣಸೆಮರದ ಕೆಳಗೆ ಅದನ್ನೇ ನಟಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದವಳೂ ಕಾಶವ್ವನೇ. ದೊಡ್ಡವಳಾದ ಮೇಲೆ ಕಾಶವ್ವ ಶಾಲೆಯ ಅಕ್ಕೋರಾದಳು. ಎಪ್ಪತ್ತು ಮಕ್ಕಳನ್ನು ಒಂದೇ ಪಡಸಾಲೆಯಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ಅವಳ ದನಿ ಬಾವಿಕಟ್ಟೆಯವರೆಗೆ ಬರುತ್ತಿತ್ತು, ನೀರು ಸೇದುವವರು ಅದರ ತಾಳಕ್ಕೆ ಹಗ್ಗ ಎಳೆಯುತ್ತಿದ್ದರು. ಚಂಪವ್ವ ಮದುವೆಯಾಗಿ ಅದೇ ಊರಿನ ಇನ್ನೊಂದು ಓಣಿಗೆ ಬಂದು, ಜೇಡ ಬಂದ ವರ್ಷ ಹದಗಾತಿಯ ಕೆಲಸ ಹಿಡಿದಳು.

ಆ ಮೊದಲ ಹದದ ದಿನ ಅವಳು ಹೊಸ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಅತ್ತೆ, ನಾದಿನಿಯರು, ಭಾವಂದಿರು ಎಲ್ಲರೂ ಸರದಿಯಲ್ಲಿದ್ದರು. ಬೆಳಗಿನಿಂದ ಅರವತ್ತು ಜನರ ಜೇಡವನ್ನು ಒಂದೂ ತಪ್ಪದೆ ಕೂರಿಸಿದ್ದಳು. ಕಾಶವ್ವನ ಸರದಿ ಬಂತು. ಅವಳು ಗೆರೆಯ ಮೇಲೆ ಬಂದು ನಿಂತು, ಪೆಟ್ಟಿಗೆಗೆ ತಂತಿ ಚುಚ್ಚಿಸಿಕೊಂಡು, ಗಂಟೆ ಆಗುವ ಮೊದಲೇ ಅಲ್ಲಿಂದ ಕೂಗಿ ಕೇಳಿದಳು:

“ಏ ಚಂಪೀ, ಇದರಾಗ ಇನ್ನೂರಾ ಐವತ್ತಾರು ಮೆಟ್ಟಲು ಅದಾವಂತಲ್ಲ. ಹತ್ತೊಂಬತ್ತೇಳ್ಲ ದಾಟತೀಯೇನು, ಇಲ್ಲಾ ಅಲ್ಲೇ ನಿಂದರತೀ?”

ಜನ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಚಂಪವ್ವನ ಅತ್ತೆ. ಚಂಪವ್ವನ ಕೈಯಲ್ಲಿ ಗಂಟೆಯ ಕೊಡತಿ ಇತ್ತು. ಹೊಡೆದಿದ್ದರೆ ಎಲ್ಲರೂ ಆ ಕ್ಷಣವೇ ಸುಮ್ಮನಾಗುತ್ತಿದ್ದರು. ಅವಳು ಕೊಡತಿಯನ್ನು ಕೆಳಗಿಟ್ಟು ‘ಶುರು ಮಾಡು’ ಎಂದು ಸನ್ನೆ ಮಾಡಿದಳು. ಕಾಶವ್ವ ಎಲ್ಲರಂತೆಯೇ, ದಿನನಿತ್ಯದ ದನಿಯಲ್ಲಿ, “ಕಾಶವ್ವ, ತಿಪ್ಪವ್ವನ ಮಗಳು” ಎಂದು ಹೇಳತೊಡಗಿದಳು. ಮೀಟರಿನೊಳಕ್ಕೆ ಅವಳ ದನಿಯ ಜೊತೆಗೆ ಊರಿನ ನಗುವೂ ಹೋಯಿತು. ಮುಳ್ಳು ಕೆಂಪು ಗೆರೆಯ ಆಚೆಗೆ ಹಾರಿತು. ಚಂಪವ್ವ ‘ಇಳಿ’ ಒತ್ತಿದಳು. ಅಕ್ಕೋರ ದನಿ ಕಿರಿದಾಗುತ್ತಿರುವುದನ್ನು ಕೇಳಿ ಜನರಿಗೆ ಇನ್ನಷ್ಟು ನಗು ಬಂತು. ದನಿ ಇಳಿದಂತೆ ನಗು ಏರಿತು, ಮುಳ್ಳು ಮಾತ್ರ ಮೇಲೆಯೇ ಉಳಿಯಿತು. ಚಂಪವ್ವ ಒತ್ತುತ್ತ ಹೋದಳು.

ಇಲ್ಲಿಗೆ ಬಂದಾಗ ಚಂಪವ್ವ ತನ್ನ ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡು ಮುಂದುವರಿಸಿದಳು.

“ನೂರಾ ಇಪ್ಪತ್ತೆಂಟರಿಂದ ಇಪ್ಪತ್ತೆರಡಕ್ಕ ಬರಬೇಕಂದ್ರ ನೂರಾ ಆರು ಸಲ ಒತ್ತಬೇಕು. ಒತ್ತಿದೆ. ಒಂದು ಸಲಾನೂ ಕೈ ಹಿಂದ ಬರಲಿಲ್ಲ. ಇಪ್ಪತ್ತೆರಡಕ್ಕ ಬಂದಾಗ ನಗಿ ತುಸು ತಗ್ಗಿ ಮುಳ್ಳು ಗೆರಿ ಮುಟ್ಟಿತು. ಅಲ್ಲಿಗೆ ಬಿಟ್ಟಿದ್ರ, ಮೀಟರ್ ಹೇಳಿದ್ದು ಮಾಡೀನಿ ಅಂತ ನನಗ ನಾನರ ಅನಬಹುದಿತ್ತು. ಕಿಂಡಿಯೊಳಗ ಇಪ್ಪತ್ತೆರಡು ಅಂತ ಕಂಡಿತು. ಹತ್ತೊಂಬತ್ತಕ್ಕ ಇನ್ನ ಮೂರ ಅಂತ ಲೆಕ್ಕ ಬಂತು. ಆವತ್ತು ಆ ಲೆಕ್ಕ ಮಾತ್ರ ನನಗ ತಪ್ಪಲಿಲ್ಲ. ಇನ್ನ ಮೂರು ಒತ್ತಿದೆ, ಕೂರಿಸಿದೆ.”

ಆಮೇಲೆ ಅವಳು ಕೈ ಎತ್ತುವುದನ್ನು ಮರೆತಳು. ನಗು ತಾನಾಗಿ ನಿಂತಿತು. ಹತ್ತು ಮಾರು ದೂರದಲ್ಲಿ ಕಾಶವ್ವನ ತುಟಿ ಆಡುತ್ತಲೇ ಇತ್ತು. ಕೈ ಏಳುವವರೆಗೆ ಹೇಳುತ್ತಿರಬೇಕೆಂಬುದು ನಿಯಮವಾದ್ದರಿಂದ ಅವಳು ತನ್ನ ಹೆಸರನ್ನೂ ತಾಯಿಯ ಹೆಸರನ್ನೂ ಹೇಳುತ್ತಲೇ ಇದ್ದಳು. ಕಟ್ಟೆಗೆ ಏನೂ ಕೇಳಿಸಲಿಲ್ಲ. ಯಾರೋ ಹೋಗಿ ಅವಳ ಭುಜ ಮುಟ್ಟಿ ಮನೆಗೆ ಕರೆದೊಯ್ದರು.

ಮರುದಿನ ಕಾಶವ್ವ ಪಾಟಿಯ ಮೇಲೆ ‘ಗಂಟೆ ಹೊಡೆದಿಲ್ಲ’ ಎಂದು ಬರೆದು, ತಮ್ಮ ಹದ ಮುಗಿಸಿ ಮೊದಲೇ ಮನೆಗೆ ಹೋಗಿದ್ದ ಹಿರಿಯರ ಮುಂದೆ ಹಿಡಿದಳು. ಹಿರಿಯರು ಚಂಪವ್ವನನ್ನು ಕೇಳಿದರು, ಹೊಡೆದೆ ಎಂದಳು. ಸರದಿಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ಗಂಟೆ ಆಗಲಿಲ್ಲ ಎಂದರೆ, ಹಾಗಾದರೆ ಆ ಹೊತ್ತಿನಲ್ಲಿ ನೀವೇನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತಿತ್ತು. ಹದದಲ್ಲಿ ನಕ್ಕೆವು ಎಂದು ಯಾರು ಒಪ್ಪಿಕೊಳ್ಳಬೇಕು? ಮೊದಲು ನಿಂತ ನೇಕಾರ ಬಂಡೆಪ್ಪ, “ಕೇಳಿಸಿತ್ರೀ, ಚಲೋ ಕೇಳಿಸಿತು” ಎಂದ. ಅವನ ಹಿಂದಿನವರೆಲ್ಲ ಅದನ್ನೇ, ಅದೇ ಮಾತಿನಲ್ಲಿ ಹೇಳಿದರು. ಗಂಟೆ ಆಗಿದ್ದರೆ ಮುಳ್ಳು ಅಷ್ಟು ಮೇಲೆ ಹಾರಲು ಕಾಶವ್ವ ಕಿರುಚಿರಲೇಬೇಕು ಎಂದು ಹಿರಿಯರು ತೀರ್ಮಾನಿಸಿದರು. ಹೀಗೆ ಕಥೆ ಹುಟ್ಟಿತು. ಒಂದು ಪದದ ಭೇದವೂ ಇಲ್ಲದ ನನ್ನ ಎರಡು ಪಾಠಗಳ ಮೂಲ ಇದು.

ಶಾಲೆಯಲ್ಲಿ ಕಾಶವ್ವ ಸ್ವಲ್ಪ ದಿನ ಹಟ ಹಿಡಿದಳು. ನಾಲ್ಕು ಮಕ್ಕಳನ್ನು ಮೈಗೆ ಆತುಕೊಳ್ಳುವಂತೆ ಕೂರಿಸಿಕೊಂಡು ಮಗ್ಗಿ ಹೇಳಿಸುವುದು, ಆ ನಾಲ್ವರು ಉಳಿದವರಿಗೆ ಹೇಳುವುದು. ಎರಡು ತಿಂಗಳ ಮೇಲೆ ದೊಡ್ಡ ಪಡಸಾಲೆಗೆ ಬೇರೆಯವರು ಬಂದರು. ಅವಳಿಗೆ ಅಕ್ಷರ ತಿದ್ದಿಸುವ ಕೆಲಸ ಉಳಿಯಿತು. ಬಾವಿಕಟ್ಟೆಯಲ್ಲಿ ಹಗ್ಗ ಎಳೆಯುವವರು ತಾಳ ಬಿಟ್ಟು ಎಳೆಯಲು ಕಲಿತರು.

“ಒಂದು ದಿನ ತಿಪ್ಪದೊಡ್ಡವ್ವ ನಮ್ಮ ಮನಿಗೆ ಬಂದ್ಲು,” ಎಂದಳು ಚಂಪವ್ವ. ಕಾಶವ್ವನ ತಾಯಿ ತಿಪ್ಪವ್ವನಿಗೆ ಆಗಲೇ ಕಿವಿ ಅರ್ಧ ಹೋಗಿತ್ತು. ಸೆರಗಿನಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. “ಒಂದು ನಾಕು ಮೆಟ್ಟಲು ಏರಿಸವಾ ಅಂದ್ಲು. ಊರಿಗೆ ಕೇಳಿಸೂದು ಬ್ಯಾಡ, ನನಗಷ್ಟ ಕೇಳಿಸಿದ್ರ ಸಾಕು ಅಂದ್ಲು. ಕೂತ ಜೇಡ ಏಳೂದಿಲ್ಲ ದೊಡ್ಡವ್ವ ಅಂದೆ. ಯಾಕವಾ ಅಷ್ಟು ಕೆಳಗ ಕೂತಿತು ಅಂತ ಕೇಳಿದ್ಲು. ನಿನ್ನ ಮಗಳು ಒದರಿದ್ಲು ಅಂದೆ. ಹೌದಾ ಅಂದ್ಲು. ನಂಬಿದ್ಲು. ಮನಿಗೆ ಹೋಗಿ ಮಗಳಿಗೆ ಬೈದ್ಲಂತ, ಎಷ್ಟು ಜಂಬ ನಿನಗ ಅಂತ. ಮಗಳು ಏನು ಅಂದ್ಲೋ, ಅದು ಆಕಿಗೆ ಕೇಳಿಸಲಿಲ್ಲ. ಮೂರನೇ ವರ್ಷ ಮುದುಕಿ ಹಂಗ ತಿಳಕೊಂಡ ಹೋದ್ಲು. ಆ ಹೋಳಿಗಿ ನಾ ವಾಪಸ್ ಕೊಡಲಿಲ್ಲ. ತಿಂದೆ.”

ಇದನ್ನು ಹೇಳಿ ಚಂಪವ್ವ ತಲೆ ತಗ್ಗಿಸಿದಳು. ಕ್ಷಮಿಸಿ ಎಂದು ಅವಳು ಕೇಳಲಿಲ್ಲ. ಚಾಪೆಯ ಮೇಲಿನವರು ಯಾರೂ ಯಾರ ಮುಖವನ್ನೂ ನೋಡದೆ ಕುಳಿತಿದ್ದರು. ವಯಸ್ಸಾದವರಲ್ಲಿ ಕೆಲವರು ಕೊರಳಿನ ಪೆಟ್ಟಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು. ಆಗ ಮೊದಲ ಸಾಲಿನ ತೆಳ್ಳನೆಯ ಹೆಂಗಸು ಪಾಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಕಟ್ಟೆ ಹತ್ತಿದಳು. ಅವಳು ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಜಂಬದ ಸಾಲನ್ನು ನಾನು ಎರಡನೆಯ ಬಾರಿ ಓದಿದ್ದು ಅವಳ ಮುಖ ನೋಡಿಕೊಂಡು.

ಕಾಶವ್ವ ಚಂಪವ್ವನ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಅವಳ ಕಿವಿಯ ಬಳಿ ಬಾಗಿ ಏನೋ ಹೇಳಿದಳು. ಚಂಪವ್ವ ಬೇಡವೆಂಬಂತೆ ತಲೆಯಾಡಿಸಿದಳು. ಕಾಶವ್ವ ಇನ್ನೊಮ್ಮೆ ಹೇಳಿದಳು. ಆಗ ಅರವತ್ತರ ಹತ್ತಿರದ ಚಂಪವ್ವ ಇನ್ನೂರು ಜನರ ಮುಂದೆ ಕೈಕಟ್ಟಿ ಕುಳಿತು, “ಹತ್ತೊಂಬತ್ತೊಂದ್ಲ ಹತ್ತೊಂಬತ್ತು, ಹತ್ತೊಂಬತ್ತೆರಡ್ಲ ಮೂವತ್ತೆಂಟು” ಎಂದು ಶುರು ಮಾಡಿದಳು. ಐವತ್ತೇಳು, ಎಪ್ಪತ್ತಾರು, ತೊಂಬತ್ತೈದು ಬಂದವು. ಆರಕ್ಕೆ ನೂರಾ ಹದಿನಾಲ್ಕು ಬಂತು. ಏಳಕ್ಕೆ ಬಂದು ನಿಂತಳು. ಆ ಹೊತ್ತಿನಲ್ಲಿ ಯಾರೂ ನಗಲಿಲ್ಲ. ಕಾಶವ್ವನ ತುಟಿ ಸ್ವಲ್ಪ ಆಡಿತು.

“ನೂರಾ ಮೂವತ್ತಮೂರು,” ಎಂದಳು ಚಂಪವ್ವ. ಅಲ್ಲಿಂದ ಹತ್ತರವರೆಗೆ ತಪ್ಪದೆ ಹೇಳಿದಳು.

ಕಾಶವ್ವ ನನ್ನ ಕಡೆ ತಿರುಗಿ, ಬನ್ನಿ ಎಂಬಂತೆ ನೆಲ ತಟ್ಟಿದಳು. ನಾಲ್ಕು ವರ್ಷ ಹಿಂದೆ ಕೂರಬೇಕಾಗಿದ್ದ ಹಾಗೆ ಹೋಗಿ ಕುಳಿತು ಅವಳ ಪೆಟ್ಟಿಗೆಗೆ ಕಿವಿ ಹಚ್ಚಿದೆ. ದನಿ ಸಣ್ಣದು, ಆದರೆ ಒಂದು ಅಕ್ಷರವೂ ಮಸುಕಾಗಿರಲಿಲ್ಲ.

“ಬರಕೊಂಡ್ರೇನು?” ಎಂದು ಕೇಳಿದಳು. ಬರೆದುಕೊಂಡೆ ಎಂದೆ. “ಹತ್ತೊಂಬತ್ತು ಅಂತ ಒಟ್ಟಿಗೆ ಬರೀಬ್ಯಾಡ್ರಿ. ಹೆಂಗ ಇಳೀತು ಅಂತ ಬಿಡಿಸಿ ಬರೀರಿ. ನೂರಾ ಆರು ಮೆಟ್ಟಲು ಊರಿಂದು. ಕಡೀ ಮೂರು ಚಂಪಿದು.”

ಬರೆದೆ. ಆಮೇಲೆ, ಕೇಳದೆ ಇರಲಾಗದೆ, ನನ್ನದೆಷ್ಟು ಎಂದು ಕೇಳಿದೆ. ಅವಳು ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನು ನೋಡಿ, “ಎಷ್ಟು ಅಚ್ಚು ಹಾಕೀರಿ?” ಎಂದಳು. ಐನೂರು ಪ್ರತಿ ಎಂದೆ. ಸರಿಯಾದ ಉತ್ತರ ಹೇಳಿದ ಮಗುವಿಗೆ ಮಾಡುವಂತೆ ತಲೆಯಾಡಿಸಿ, “ಈಗ ಎಲ್ಲಾರಿಗೂ ಕೇಳಿಸೂ ಹಂಗ ಓದ್ರಿ,” ಎಂದಳು. “ನಿಮ್ಮದು ನಡುಮೆಟ್ಟಲು ಐತಿ.”

ನಾನು ಎದ್ದು ನಿಂತು ಓದಿದೆ. ನೂರಾ ಆರು ಮೆಟ್ಟಿಲು ಊರಿನದು ಎಂದು ಓದಿದಾಗ ಬಂಡೆಪ್ಪ ಎದ್ದ. ಸಭೆ ಮುಗಿದಾಗ ಆ ಊರಿನಲ್ಲಿ ಪ್ರತಿಯೊಬ್ಬರೂ ‘ಬರ್ತೀವ್ರಿ’ ಎಂದು ಗಟ್ಟಿಯಾಗಿ ಹೇಳಿಯೇ ಹೋಗುವುದು ವಾಡಿಕೆ. ಅವನು ಏನೂ ಹೇಳಲಿಲ್ಲ. ಕಟ್ಟೆಯ ಹತ್ತಿರ ಬಂದು ಗಂಟೆಯನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಹಿಂದೆ ಅವನ ಷಡ್ಡಕ, ಆಮೇಲೆ ಅಂದು ಸರದಿಯಲ್ಲಿ ನಿಂತಿದ್ದವರೆಲ್ಲ, ಆಮೇಲೆ ಅಂದು ಇನ್ನೂ ಹುಟ್ಟಿರದವರು. ಕೊನೆಯ ಮೂರು ಚಂಪವ್ವನದು ಎಂದು ಓದುವ ಹೊತ್ತಿಗೆ ಚಾಪೆಗಳು ಅರ್ಧ ಬರಿದಾಗಿದ್ದವು. ಐನೂರು ನನ್ನದು ಎಂಬುದನ್ನು ಕೇಳಿಸಿಕೊಳ್ಳಲು ಕಟ್ಟೆಯ ಮೇಲಿನ ಆ ಇಬ್ಬರು ಹೆಂಗಸರಷ್ಟೇ ಉಳಿದಿದ್ದರು. ಕೆಳಗೆ ಬೀದಿಯಲ್ಲಿ ಜನ ಮನೆಗೆ ಹೋಗುತ್ತಿದ್ದರು. ಚಪ್ಪಲಿಗಳ ಸದ್ದು ಮಾತ್ರ ಕೇಳುತ್ತಿತ್ತು.